ಗಡಿ ದಾಟಿದ ದಾಂಪತ್ಯಕ್ಕಷ್ಟೇ ಸಿಗುವ ಹಕ್ಕು

ಯೂರೋಪಿಯನ್ ಒಕ್ಕೂಟದ ಪ್ರಜೆಯನ್ನು ಮದುವೆಯಾದ ಹೊರದೇಶದವರು ವೀಸಾ ಇಲ್ಲದೆಯೇ ಒಕ್ಕೂಟದ ದೇಶಗಳಲ್ಲಿ ಓಡಾಡಬಹುದು ಎಂಬ ಮಾತು ಅರ್ಧ ಸತ್ಯ. ಆ ಅರ್ಧವನ್ನೇ ನಂಬಿ ಹೊರಟವರು ಸಿಕ್ಕಿಬೀಳುವುದು ಉಳಿದರ್ಧದಲ್ಲಿ. ಹೆಣೆದ ಬಟ್ಟೆಯ ರಫ್ತಿನಿಂದ ಯೂರೋಪಿನೊಡನೆ ದಶಕಗಳ ನಂಟಿರುವ ತಿರುಪ್ಪೂರು, ಯಂತ್ರೋದ್ಯಮದ ಕೊಯಮತ್ತೂರು, ಸಿಮೆಂಟು ಕಾರ್ಖಾನೆಯಿಂದ ಹೆಸರಾದ ಮದುಕ್ಕರೈಗಳ ಸೀಮೆಯಲ್ಲಿ ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ದೇವಾಂಗ ನೇಕಾರರ, ಒಕ್ಕಲಿಗ ಗೌಡರ ಕುಟುಂಬಗಳಿವೆ. ಅಂಥ ಮನೆಯ ಮಗನೋ ಮಗಳೋ ಓದಿಗೆ, ಕೆಲಸಕ್ಕೆ ಯೂರೋಪಿಗೆ ಹೋಗಿ ಅಲ್ಲಿಯವರ ಕೈಹಿಡಿದರೆ, ಮುಂದಿನ ಓಡಾಟವನ್ನೆಲ್ಲ ನಿರ್ಧರಿಸುವ ಬರಹವೆಂದರೆ 2004ರ ಏಪ್ರಿಲ್ 29ರಂದು ಅಂಗೀಕಾರವಾದ 38ನೆಯ ನಿರ್ದೇಶನ. ಒಕ್ಕೂಟವು ಹೊರಡಿಸಿ, ಸದಸ್ಯ ದೇಶಗಳು ತಮ್ಮ ತಮ್ಮ ಶಾಸನಗಳಲ್ಲಿ ಅಳವಡಿಸಿಕೊಳ್ಳಬೇಕಾದ ಕಟ್ಟಳೆಗೆ ನಿರ್ದೇಶನವೆಂದು ಹೆಸರು.

ಬರಹವಾಗಿ ನೋಡಿದರೆ ಈ ನಿರ್ದೇಶನದ ಐದನೆಯ ವಿಧಿ ಉದಾರವಾದುದು. ಒಕ್ಕೂಟದ ಪ್ರಜೆಯೊಡನೆ ಹೊರಟ, ಇಲ್ಲವೇ ಅವರನ್ನು ಕೂಡಿಕೊಳ್ಳಲು ಹೊರಟ ಪತಿ ಅಥವಾ ಪತ್ನಿಗೆ ವೀಸಾ ಬೇಕಾದಲ್ಲಿ ಅದನ್ನು ಶುಲ್ಕವಿಲ್ಲದೆ, ತ್ವರಿತ ಕ್ರಮದಲ್ಲಿ ಕೊಡಬೇಕೆಂದು ಅದು ಹೇಳುತ್ತದೆ. ಸಾಮಾನ್ಯ ವಯಸ್ಕ ಅರ್ಜಿದಾರರು ಷೆಂಗೆನ್ ವೀಸಾಕ್ಕೆ 2024ರ ಜೂನ್‌ನಿಂದ 90 ಯೂರೋ ತೆರುತ್ತಿದ್ದಾರೆ ಎಂಬುದನ್ನು ನೆನೆದರೆ ಇದು ಸಣ್ಣ ರಿಯಾಯಿತಿಯಲ್ಲ. ಷೆಂಗೆನ್ ಎಂದರೆ ತಮ್ಮ ನಡುವಿನ ಗಡಿ ತಪಾಸಣೆಯನ್ನು ಕೈಬಿಟ್ಟ 29 ದೇಶಗಳ ವಲಯ. ಮದುಕ್ಕರೈಯಿಂದ ವಾಳಯಾರ್ ದಾಟಿ ಪಾಲಕ್ಕಾಡಿಗೆ ಹೋಗುವವರನ್ನು ಯಾರೂ ಪಾಸ್‌ಪೋರ್ಟ್ ಕೇಳದಂತೆ ಅಲ್ಲಿಯೂ ಕೇಳುವುದಿಲ್ಲ, ಮತ್ತು 2020ರಲ್ಲಿ ವಾಳಯಾರಿನಲ್ಲಿ ಇ-ಪಾಸ್ ಕೇಳಿದಂತೆ ಅಲ್ಲಿಯೂ ಕೆಲವೊಮ್ಮೆ ಕೇಳಿದ್ದುಂಟು. ಐದನೆಯ ವಿಧಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹತ್ತನೆಯ ವಿಧಿಯಡಿ ಕೊಟ್ಟ ವಾಸದ ಚೀಟಿ, ಎಂದರೆ ಒಕ್ಕೂಟದ ಪ್ರಜೆಯ ಕುಟುಂಬದವರೆಂದು ಸಾರುವ ಐದು ವರ್ಷ ಅವಧಿಯ ಗುರುತಿನ ಕಾರ್ಡು, ಕೈಯಲ್ಲಿದ್ದರೆ ವೀಸಾವೇ ಬೇಡ. ಕಾಗದ ಮರೆತು ಬಂದವರನ್ನು ಸಹ ಹಿಂದಕ್ಕಟ್ಟುವ ಮೊದಲು, ಮದುವೆಯನ್ನು ಬೇರೆ ಬಗೆಯಲ್ಲಿ ಸಾಬೀತುಪಡಿಸಲು ತಕ್ಕ ಅವಕಾಶ ಕೊಡಬೇಕು. ವಲಸೆಯ ಕಾನೂನುಗಳಲ್ಲಿ ಇಷ್ಟು ಸೌಜನ್ಯ ಅಪರೂಪ.

ದೋಷವಿರುವುದು ಮೂರನೆಯ ವಿಧಿಯಲ್ಲಿ. ತನ್ನ ದೇಶವನ್ನು ಬಿಟ್ಟು ಒಕ್ಕೂಟದ ಇನ್ನೊಂದು ದೇಶಕ್ಕೆ ಹೋದ ಪ್ರಜೆಗೆ ಮತ್ತು ಅವರ ಕುಟುಂಬಕ್ಕೆ ಮಾತ್ರ ನಿರ್ದೇಶನ ಅನ್ವಯಿಸುತ್ತದೆಂದು ಅದು ಹೇಳುವುದರಿಂದ, ಈ ಹಕ್ಕು ಮದುವೆಗೆ ಸಿಕ್ಕಿದ್ದಲ್ಲ, ಪ್ರಯಾಣಕ್ಕೆ ಸಿಕ್ಕಿದ್ದು. ಪರಿಣಾಮ ವಿಚಿತ್ರವಾಗಿದೆ. ಜರ್ಮನಿಯಲ್ಲಿ ನೆಲೆಸಿದ ಇಟಲಿಯವನನ್ನು ಮದುವೆಯಾದ ಮದುಕ್ಕರೈಯ ಹೆಣ್ಣುಮಗಳು ನಿರ್ದೇಶನದ ನೆರಳಿನಲ್ಲಿ ಶುಲ್ಕವಿಲ್ಲದೆ ಬರ್ಲಿನ್ ಸೇರುತ್ತಾಳೆ. ಅದೇ ಬೀದಿಯ ಇನ್ನೊಬ್ಬಳು ಬರ್ಲಿನ್ನಿನಲ್ಲೇ ಇರುವ ಜರ್ಮನನನ್ನು ಮದುವೆಯಾದರೆ ಜರ್ಮನಿಯ ಸ್ವಂತ ಕಾನೂನಿಗೆ ಒಳಪಟ್ಟು, 2007ರಿಂದ ಜಾರಿಯಲ್ಲಿರುವ ನಿಯಮದಂತೆ, ಕೆಲವು ವಿನಾಯಿತಿಗಳಿಗೆ ಸೇರದಿದ್ದರೆ, ಹೊರಡುವ ಮೊದಲೇ ಆರಂಭ ಹಂತದ ಜರ್ಮನ್ ಭಾಷೆಯ ಪರೀಕ್ಷೆ ದಾಟಬೇಕು. ಪರದೇಶಿಗೆ ಕೊಟ್ಟ ಸವಲತ್ತನ್ನು ಸ್ವದೇಶಿಗೆ ಕೊಡದ ಈ ಸ್ಥಿತಿಯನ್ನು ಕಾನೂನಿನ ಪಂಡಿತರು ತಿರುಗುಮುರುಗು ತಾರತಮ್ಯ ಎನ್ನುತ್ತಾರೆ. ಹೆಸರಿಟ್ಟ ಮಾತ್ರಕ್ಕೆ ಅದು ಸಮರ್ಥನೆಯಾಗುವುದಿಲ್ಲ.

ಈ ಬಿರುಕಿನಲ್ಲಿ ಒಂದು ದಾರಿ ತೆರೆದದ್ದು ಭಾರತೀಯನೊಬ್ಬನ ಮೊಕದ್ದಮೆಯಿಂದ ಎಂಬುದು ಇಲ್ಲಿಯ ಓದುಗರಿಗೆ ಗಮನಾರ್ಹ. 1982ರಲ್ಲಿ ಬ್ರಿಟಿಷ್ ಮಹಿಳೆಯನ್ನು ಮದುವೆಯಾದ ಸುರಿಂದರ್ ಸಿಂಗ್, 1983ರಿಂದ 1985ರವರೆಗೆ ಹೆಂಡತಿಯೊಡನೆ ಜರ್ಮನಿಯಲ್ಲಿ ದುಡಿದು ಬ್ರಿಟನ್ನಿಗೆ ಮರಳಿದ ಮೇಲೆ ದಾಂಪತ್ಯ ಮುರಿಯತೊಡಗಿದಾಗ, ಅಲ್ಲಿಯ ಸರ್ಕಾರ ಅವನನ್ನು ಹೊರಹಾಕಲು ಮುಂದಾಯಿತು. ಯೂರೋಪಿನ ನ್ಯಾಯಾಲಯ 1992ರ ಜುಲೈ 7ರಂದು ಕೊಟ್ಟ ತೀರ್ಪು, ಬೇರೆ ಸದಸ್ಯ ದೇಶದಲ್ಲಿ ದುಡಿದು ತವರಿಗೆ ಮರಳುವ ಪ್ರಜೆಯ ಸಂಗಾತಿಗೆ ಒಕ್ಕೂಟದ ಕಾನೂನಿನ ರಕ್ಷಣೆಯೇ ಮುಂದುವರಿಯಬೇಕೆಂದಿತು. ತವರಿನ ಕಾನೂನು ತಪ್ಪಿಸಲು ತವರನ್ನೇ ಬಿಟ್ಟು ಸುತ್ತಿಬರುವ ದಾರಿ ಹೀಗೆ ಅಧಿಕೃತವಾಯಿತು. 2014ರ ಮಾರ್ಚ್‌ನ ತೀರ್ಪೊಂದು ಆ ವಾಸ ನಿಜವಾದುದಾಗಿರಬೇಕು, ವಾರಾಂತ್ಯದ ಭೇಟಿಗಳು ಸಾಲವು ಎಂದು ಬೇಲಿ ಹಾಕಿತು. ತೀರ್ಪು ನ್ಯಾಯವಾದುದೇ. ಆದರೂ ಮನೆಯಲ್ಲೇ ಇದ್ದವರಿಗೆ ಸಿಗದ್ದು ಊರು ಸುತ್ತಿ ಬಂದವರಿಗೆ ಸಿಗುವ ವ್ಯವಸ್ಥೆಯನ್ನು ಅದು ಸರಿಪಡಿಸಲಿಲ್ಲ, ಸಹ್ಯಗೊಳಿಸಿತು ಅಷ್ಟೆ.

ಈ ವಿಷಯದಲ್ಲಿ ಭಾರತದ ಕಾನೂನು ತದ್ವಿರುದ್ಧ ದಿಕ್ಕಿನದು. 1955ರ ಪೌರತ್ವ ಕಾಯ್ದೆಯ 7ಎ ಕಲಮಿನ ಪ್ರಕಾರ ಭಾರತೀಯ ಪ್ರಜೆಯ ವಿದೇಶಿ ಸಂಗಾತಿಯು, ಮದುವೆ ನೋಂದಣಿಯಾಗಿ ಎರಡು ವರ್ಷ ಕಳೆದಿದ್ದರೆ, ಜೀವನಪರ್ಯಂತದ ವೀಸಾಕ್ಕೆ ಸಮನಾದ ಸಾಗರೋತ್ತರ ಪ್ರಜೆಯ ಕಾರ್ಡನ್ನು, ಅಂದರೆ ಜನರ ಬಾಯಲ್ಲಿ ಓಸಿಐ ಎನಿಸಿಕೊಂಡದ್ದನ್ನು, ಕೇಳಬಹುದು. ಭಾರತೀಯ ಸಂಗಾತಿ ಕೊಯಮತ್ತೂರು ಬಿಟ್ಟು ಕದಲದಿದ್ದರೂ ಹಕ್ಕಿಗೆ ಕುಂದಿಲ್ಲ. ಎರಡು ವರ್ಷದ ಕಾಯುವಿಕೆ ಮತ್ತು ಮುಂಗಡ ಭದ್ರತಾ ತಪಾಸಣೆ ಭಾರವಾದ ಷರತ್ತುಗಳು ನಿಜ. ಆದರೆ ಹಕ್ಕಿನ ಬುಡ ಮದುವೆಯಲ್ಲಿದೆ ಎಂಬ ಮಟ್ಟಿಗೆ ಭಾರತದ ತರ್ಕ ಹೆಚ್ಚು ನೇರವಾಗಿದೆ.

ಬರಹದಿಂದ ಆಚರಣೆಗೆ ಬಂದರೆ, ಈ ಹಕ್ಕಿನ ಮೊದಲ ಪರೀಕ್ಷೆ ನಡೆಯುವುದು ಯೂರೋಪಿನ ಗಡಿಯಲ್ಲಲ್ಲ, ವಿಮಾನ ಸಂಸ್ಥೆಯ ಕೌಂಟರಿನಲ್ಲಿ. ಕೊಯಮತ್ತೂರಿನಿಂದ ಯೂರೋಪಿಗೆ ನೇರ ವಿಮಾನವಿಲ್ಲದ್ದರಿಂದ ಇಲ್ಲಿಯವರು ಕೊಚ್ಚಿ, ಬೆಂಗಳೂರು ಅಥವಾ ಕೊಲ್ಲಿಯ ಊರುಗಳ ಮೂಲಕ ಹೋಗಬೇಕು, ಹೋದಲ್ಲೆಲ್ಲ ಕಾಗದ ತೋರಿಸಬೇಕು. ಸರಿಯಾದ ದಾಖಲೆಯಿಲ್ಲದವರನ್ನು ಹತ್ತಿಸಿಕೊಂಡ ಸಂಸ್ಥೆಗೆ ಸಾವಿರಾರು ಯೂರೋ ದಂಡ ಬೀಳುವುದರಿಂದ, ಸಂದೇಹ ಬಂದರೆ ಹತ್ತಿಸಿಕೊಳ್ಳದಿರುವುದೇ ಸಿಬ್ಬಂದಿಗೆ ಕ್ಷೇಮ. ರಯಾನ್‌ಏರ್ ಪ್ರಕರಣ ಇದಕ್ಕೆ ಸಾಕ್ಷಿ: 2017ರ ಅಕ್ಟೋಬರಿನಲ್ಲಿ ಬ್ರಿಟನ್ ಕೊಟ್ಟ ಶಾಶ್ವತ ವಾಸದ ಕಾರ್ಡು ಹೊಂದಿದ್ದ ಯುಕ್ರೇನ್ ಪ್ರಜೆಯನ್ನು ಲಂಡನ್ನಿನಿಂದ ಬುಡಾಪೆಸ್ಟಿಗೆ ಕರೆತಂದದ್ದಕ್ಕೆ ಹಂಗರಿಯ ಪೊಲೀಸರು ಆ ಸಂಸ್ಥೆಗೆ 3000 ಯೂರೋ ದಂಡ ಹಾಕಿದರು. ಆ ಕಾರ್ಡಿಗೂ ವೀಸಾ ವಿನಾಯಿತಿ ಉಂಟು, ಕುಟುಂಬ ಸಂಬಂಧಕ್ಕೆ ಆ ಕಾರ್ಡೇ ಪುರಾವೆ ಎಂದು ನ್ಯಾಯಾಲಯ ತೀರ್ಮಾನಿಸುವ ಹೊತ್ತಿಗೆ 2020ರ ಜೂನ್ ಬಂದಿತ್ತು. ಪೊಲೀಸರಿಗೇ ತಿಳಿಯದ ಕಾನೂನನ್ನು ಕೌಂಟರಿನಲ್ಲಿ ಕುಳಿತವರು ಅರಿತಿರಬೇಕೆನ್ನುವುದು ದುರಾಸೆ. ದೇಶಕ್ಕೊಂದು ಬಗೆಯಲ್ಲಿದ್ದ ಈ ಕಾರ್ಡುಗಳಿಗೆ ಏಕರೂಪ ಬಂದದ್ದು 2021ರ ಆಗಸ್ಟ್‌ನಿಂದೀಚೆಗೆ. ಸರ್ಕಾರಗಳೂ ಹಿಂದೆ ಬಿದ್ದಿಲ್ಲ: ಸ್ಪೇನಿನ ಕಾರ್ಡಿದ್ದ ಕೊಲಂಬಿಯಾದ ಮಹಿಳೆಯಿಂದ ಬ್ರಿಟನ್ ಆರಾರು ತಿಂಗಳಿಗೊಮ್ಮೆ ಪ್ರತ್ಯೇಕ ಪರವಾನಗಿ ಕೇಳುತ್ತಿದ್ದುದನ್ನು ನಿಲ್ಲಿಸಲು 2014ರ ಡಿಸೆಂಬರಿನ ಮೆಕಾರ್ಥಿ ತೀರ್ಪೇ ಬೇಕಾಯಿತು.

ಎಲ್ಲಕ್ಕಿಂತ ಗಂಭೀರವಾದ ಕೊರತೆ ಕಾಣಿಸುವುದು ಸಂಸಾರ ಒಡೆದಾಗ. ಈ ಹಕ್ಕು ಸಂಗಾತಿಯಿಂದ ಬಂದದ್ದಾದ್ದರಿಂದ ಸಂಗಾತಿಯ ಜೊತೆಗೇ ಹೋಗಬಹುದು. ಮದುವೆ ಮೂರು ವರ್ಷ ಬಾಳಿ, ಅದರಲ್ಲಿ ಒಂದು ವರ್ಷ ಆ ದೇಶದಲ್ಲೇ ಕಳೆದಿದ್ದರೆ ವಿಚ್ಛೇದನದ ನಂತರವೂ ವಾಸದ ಹಕ್ಕು ಉಳಿಯುತ್ತದೆಂದು ಹದಿಮೂರನೆಯ ವಿಧಿ ಹೇಳುತ್ತದೆ. ಆದರೆ ಐರ್ಲೆಂಡಿನಲ್ಲಿದ್ದ ಭಾರತೀಯನೊಬ್ಬನೂ ಕಕ್ಷಿದಾರನಾಗಿದ್ದ 2015ರ ಸಿಂಗ್ ಪ್ರಕರಣದಲ್ಲಿ, ಯೂರೋಪಿಯನ್ ಪತ್ನಿ ವಿಚ್ಛೇದನದ ಅರ್ಜಿಗೆ ಮೊದಲೇ ದೇಶ ಬಿಟ್ಟುಹೋಗಿದ್ದರೆ ಆ ರಕ್ಷಣೆ ಇಲ್ಲವೆಂದು ನ್ಯಾಯಾಲಯ ತೀರ್ಪಿತ್ತಿತು. ಯಾರು ಮೊದಲು ಹೊರಟರು, ಅರ್ಜಿ ಯಾವ ದಿನ ಬಿತ್ತು ಎಂಬ ತಾರೀಕಿನ ಮೇಲೆ ಒಬ್ಬನ ನೆಲೆ ನಿಲ್ಲುವಂತಾಯಿತು. 2021ರ ಸೆಪ್ಟೆಂಬರಿನಲ್ಲಿ ಬೆಲ್ಜಿಯಂನಿಂದ ಬಂದ ಪ್ರಕರಣವೊಂದರಲ್ಲಿ ಕೌಟುಂಬಿಕ ಹಿಂಸೆಗೆ ಒಳಗಾದವರನ್ನು ಮಾತ್ರ ನ್ಯಾಯಾಲಯ ಈ ಕಟ್ಟಿನಿಂದ ಬಿಡಿಸಿದೆ. ಹೊಡೆತ ತಿನ್ನದೆ ಬರೀ ಕೈಬಿಡಲ್ಪಟ್ಟವರು 2015ರ ನಿಯಮದಡಿಯಲ್ಲೇ ಉಳಿದಿದ್ದಾರೆ.