ನಿದ್ರಾನಾಶಹೇತುಗಳಲ್ಲಿ ‘ಪ್ರಕೃತಿ’ಶಬ್ದದ ವಿಚಾರ

ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ನಿದ್ರಾನಾಶಕ್ಕೆ ಕಾರ್ಯ, ಕಾಲ, ವಿಕಾರ, ಪ್ರಕೃತಿ, ವಾಯು ಎಂದು ಐದು ಹೇತುಗಳನ್ನು ಹೇಳಿದೆಯಷ್ಟೆ. ಇವುಗಳಲ್ಲಿ ನಾಲ್ಕನೆಯದಾದ ಪ್ರಕೃತಿಶಬ್ದವನ್ನು ಹಿಡಿದು, ಇಂದಿನ ವಿಜ್ಞಾನಿಗಳು ಜೀನ್ ಎಂದು ಕರೆಯುವ ವಂಶವಾಹಿಯನ್ನು ನಮ್ಮ ಆಚಾರ್ಯರು ಅಂದೇ ಕಂಡಿದ್ದರೆಂದು ಈಚೆಗೆ ಕೆಲವರು ಸಾಧಿಸಹೊರಟಿರುವರು. ಈ ಮತವು ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದೇ ಇಲ್ಲಿ ವಿಚಾರ್ಯವಾದುದು.

ಚಕ್ರಪಾಣಿದತ್ತನು ಈ ಸ್ಥಳದಲ್ಲಿ ಪ್ರಕೃತಿಯೆಂದರೆ ಸ್ವಭಾವವೆಂದು ವ್ಯಾಖ್ಯಾನಿಸಿರುವನು. ಕೆಲವರು ಸ್ವಭಾವದಿಂದಲೇ ಅಲ್ಪನಿದ್ರರೆಂಬ ಲೋಕಾನುಭವವು ಇದರಿಂದ ಸಿದ್ಧಿಸುವುದೇ ಹೊರತು, ಆ ಸ್ವಭಾವವು ಪಿತೃಗಳಿಂದ ಇಳಿದು ಬಂದುದೆಂದು ಸಿದ್ಧಿಸದು. ವಿಮಾನಸ್ಥಾನದ 8ನೆಯ ಅಧ್ಯಾಯದಲ್ಲಿಯಾದರೋ ದೇಹಪ್ರಕೃತಿಗೆ ಶುಕ್ರಶೋಣಿತಗಳಲ್ಲದೆ ಕಾಲ, ಗರ್ಭಾಶಯ, ಗರ್ಭಿಣಿಯ ಆಹಾರವಿಹಾರ, ಮಹಾಭೂತವಿಕಾರ ಇವೂ ಕಾರಣಗಳೆಂದಿದೆ. ಪ್ರಕೃತಿಯೇ ವಂಶವಾಹಿಯೆಂದರೆ ಆ ಲಕ್ಷಣವು ಗರ್ಭಿಣಿಯ ಊಟಕ್ಕೂ ಅನ್ವಯಿಸಿ ಅತಿವ್ಯಾಪ್ತಿದೋಷವು ಬರುವುದು. ಇನ್ನು ಸುಶ್ರುತನು ಸೂತ್ರಸ್ಥಾನದ 24ನೆಯ ಅಧ್ಯಾಯದಲ್ಲಿ ಬೀಜದೋಷದಿಂದ ಹುಟ್ಟುವ ವ್ಯಾಧಿಗಳನ್ನು ಆದಿಬಲಪ್ರವೃತ್ತಗಳೆಂದು ಹೆಸರಿಟ್ಟು, ಮಾತೃಜ ಪಿತೃಜಗಳೆಂದು ವಿಭಾಗಿಸಿ, ಕುಷ್ಠ, ಅರ್ಶಸ್ಸು ಮುಂತಾದುವನ್ನು ಉದಾಹರಿಸಿರುವನು. ಅಲ್ಲಿ ನಿದ್ರಾನಾಶದ ಮಾತಿಲ್ಲ. ‘ಮುಂತಾದುವು’ ಎಂಬುದರಲ್ಲಿ ಅದೂ ಅಡಗಿದೆಯೆನ್ನುವವರಿಗೆ ಉತ್ತರವೇನು? ಆ ಚೀಲದಲ್ಲಿ ಯಾವುದನ್ನು ಬೇಕಾದರೂ ತುಂಬಬಹುದು.

ನವೀನರ ಪಕ್ಷವನ್ನೂ ಪರೀಕ್ಷಿಸೋಣ. ಒಂದೇ ವಂಶವಾಹಿಯ ವಿಕಾರದಿಂದ ನಿದ್ರೆ ಕೆಡುವುದು ವಿರಳವಾದರೂ ನಿಜ. 1986ರಲ್ಲಿ ಇಟಲಿಯ ವೈದ್ಯರು ವರ್ಣಿಸಿದ ಮಾರಕ ಕೌಟುಂಬಿಕ ಅನಿದ್ರೆಯು ಅಂತಹುದು. 2001ರಲ್ಲಿ ಒಂದು ಮನೆತನದವರು ಸಂಜೆಯೇ ಮಲಗಿ ನಸುಕಿಗೆ ಮುಂಚೆಯೇ ಏಳುವುದಕ್ಕೆ ‘ಪಿಇಆರ್2’ ಎಂಬ ವಂಶವಾಹಿಯಲ್ಲಿನ ಒಂದು ವ್ಯತ್ಯಾಸವು ಕಾರಣವೆಂದು ಪ್ರಕಟವಾಯಿತು. (ನಮ್ಮ ಕಡೆ ಅಂತಹವರನ್ನು ರೋಗಿಗಳೆನ್ನದೆ ಬ್ರಾಹ್ಮೀಮುಹೂರ್ತದವರೆಂದು ಹೊಗಳುತ್ತಿದ್ದರು.) ಸಾಧಾರಣವಾದ ಅನಿದ್ರೆಯ ರೀತಿ ಬೇರೆ. 2019ರಲ್ಲಿ 13 ಲಕ್ಷಕ್ಕೂ ಹೆಚ್ಚು ಜನರನ್ನು ಪರಿಶೀಲಿಸಿದ ಸಂಶೋಧನೆಯಲ್ಲಿ ಅದಕ್ಕೆ ಸಂಬಂಧಿಸಿದ 202 ಸ್ಥಾನಗಳು ಕಂಡುಬಂದುವು. ಒಂದೊಂದರ ಪ್ರಭಾವವೂ ಅತ್ಯಲ್ಪ.

ಅನಿದ್ರೆಯು ಹೃದ್ರೋಗ, ಮಧುಮೇಹ, ವಿಷಾದರೋಗಗಳಿಗೆ ಕಾರಣವೆಂದೂ ಅದೇ ಸಂಶೋಧಕರು ಅನುಮಾನಿಸಿರುವರು. ಅವರ ಯುಕ್ತಿಯು ನೈಯಾಯಿಕರಿಗೆ ಅಪರಿಚಿತವಲ್ಲ. ಕಾರಣವು ಕಾರ್ಯಕ್ಕೆ ನಿಯತವಾಗಿ ಪೂರ್ವದಲ್ಲಿರಬೇಕಷ್ಟೆ. ಹೃದ್ರೋಗಿಗೆ ನಿದ್ರೆಯಿಲ್ಲದಿದ್ದರೆ ಯಾವುದು ಮೊದಲೆಂಬ ಸಂದೇಹವು ಉಳಿಯುವುದು. ವಂಶವಾಹಿಯಾದರೋ ಗರ್ಭದಲ್ಲಿಯೇ ನಿಶ್ಚಿತವಾಗಿರುವುದರಿಂದ ಅದನ್ನು ಹಿಡಿದು ಹೊರಟರೆ ಪೂರ್ವಾಪರವು ತಿಳಿಯುವುದು. ಆದರೆ ಆ ವಂಶವಾಹಿಯೇ ನಿದ್ರೆಯನ್ನು ಮುಟ್ಟದೆ ಬೇರೊಂದು ದಾರಿಯಿಂದ ಹೃದಯವನ್ನು ಕೆಡಿಸಬಹುದಲ್ಲವೆ? ಹಾಗಾದರೆ ಅನಿದ್ರೆಯು ಅನ್ಯಥಾಸಿದ್ಧವಾಗುವುದು. ಈ ಶಂಕೆಯನ್ನು ಅವರೂ ಬಲ್ಲರು. ಪರಿಹಾರಕ್ಕೆ ಗಣಿತದ ಉಪಾಯಗಳನ್ನೂ ಕಲ್ಪಿಸಿರುವರು. ವ್ಯಾಪ್ತಿಯಲ್ಲಿ ನ್ಯೂನತೆಯಿದೆ: ಪರೀಕ್ಷಿತರು ಯೂರೋಪಿಯ ಮೂಲದವರು. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿಯುಳ್ಳ ನಮ್ಮ ಸೀಮೆಗೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನ ಕೇಂದ್ರವು ಮುಂದಾಳಾಗಿ ನಡೆಯಿಸಿದ ಜೀನೋಮ್ ಇಂಡಿಯಾ ಯೋಜನೆಯ ಸುಮಾರು 10,000 ಭಾರತೀಯರ ಸಾಮಗ್ರಿಯು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿದೆ; ಆ ದಾರಿಯಲ್ಲಿ ಅದು ಮೊದಲ ಮೆಟ್ಟಿಲು.

ಇಷ್ಟು ವಿವಾದವೇಕೆಂದು ವಾಚಕರು ಕೇಳಬಹುದು. ಆಳಂದ ತಾಲ್ಲೂಕಿನ ನಮ್ಮ ಸರಸಂಬಾದಂತಹ ಊರುಗಳಲ್ಲಿ ಬೀಗತನ ಮಾಡುವವರು ಮನೆತನದ ರೋಗಗಳನ್ನು ವಿಚಾರಿಸದೆ ಬಿಡರು. ಸುಶ್ರುತನ ಕುಷ್ಠಶಬ್ದವು ಅನೇಕ ಚರ್ಮರೋಗಗಳನ್ನು ಒಳಗೊಂಡುದಾದರೂ, ಜನವು ಅದನ್ನು ಮಹಾರೋಗವೆಂದೇ ತಿಳಿದು ಎಷ್ಟೋ ಮನೆತನಗಳನ್ನು ಕುಲದೋಷದ ಹೆಸರಿನಲ್ಲಿ ದೂರವಿಟ್ಟಿತು. ಆ ರೋಗವು ಸೂಕ್ಷ್ಮಾಣುವಿನಿಂದ ಬರುವುದೆಂದು ಹ್ಯಾನ್ಸೆನ್ ಎಂಬವನು 1873ರಲ್ಲಿಯೇ ಕಂಡನು. ಚರಕನ ಹೆಸರಿನ ಮುದ್ರೆಯೊತ್ತಿ ಅನಿದ್ರೆಯನ್ನೂ ವಂಶದ ಲೆಕ್ಕಕ್ಕೆ ಬರೆದರೆ, ನಿದ್ರೆಗೆಟ್ಟ ತಾಯಿಯ ಮಗಳಿಗೆ ವರನು ದೊರೆಯುವುದೆಂತು?

ಆಚಾರ್ಯನು ಕಾರ್ಯವನ್ನು ಮೊದಲು ಹೇಳಿ ಪ್ರಕೃತಿಯನ್ನು ನಾಲ್ಕನೆಯದಾಗಿ ಹೇಳಿರುವನು. ಛಂದಸ್ಸಿನ ಅನುಕೂಲದಿಂದ ಈ ಕ್ರಮವು ಬಂದಿರಬಹುದಾದುದರಿಂದ ಇದರ ಮೇಲೆ ಸಿದ್ಧಾಂತವನ್ನು ಕಟ್ಟಲಾರೆನು. ಆದರೂ ಪಂಪಿನ ವಿದ್ಯುತ್ತು ರಾತ್ರಿಯೇ ಬರುವ ದಿನಗಳಲ್ಲಿ ಹೊಲಕ್ಕೆ ನೀರು ಕಟ್ಟಲು ಎದ್ದುಹೋಗುವ ಒಕ್ಕಲಿಗನ ಅನಿದ್ರೆಯನ್ನು ಐದರಲ್ಲಿ ಯಾವುದಕ್ಕೆ ಸೇರಿಸಬೇಕೆಂಬುದರಲ್ಲಿ ವ್ಯಾಖ್ಯಾನಕಾರರಿಗೆ ಭಿನ್ನಾಭಿಪ್ರಾಯವಿರಲಾರದು.