ವಿಶ್ವಕೋಶಕ್ಕೆ ಯಂತ್ರರಚಿತ ಚಿತ್ರ ಸಲ್ಲುವುದೇ?

ಕೃತಕ ಬುದ್ಧಿಮತ್ತೆಯೆಂದು ಕರೆಯಲ್ಪಡುವ ಗಣಕವಿದ್ಯೆಯು ಇಂದು ಒಂದೆರಡು ವಾಕ್ಯಗಳ ಸೂಚನೆಯಿಂದಲೇ ಬೇಕಾದ ಚಿತ್ರವನ್ನು ಕ್ಷಣಮಾತ್ರದಲ್ಲಿ ರಚಿಸಿಕೊಡುತ್ತದೆ. ವಿವಾಹದ ಆಮಂತ್ರಣ ಪತ್ರಿಕೆಗೆ, ಅಂಗಡಿಯ ಜಾಹೀರಾತಿಗೆ ಇಂತಹ ಚಿತ್ರಗಳು ಒದಗುತ್ತಿರುವುದನ್ನು ನಾವೆಲ್ಲ ಕಂಡಿದ್ದೇವೆ. ಅದರಲ್ಲಿ ಆಕ್ಷೇಪಿಸತಕ್ಕದ್ದು ಹೆಚ್ಚೇನೂ ಇಲ್ಲ. ಆದರೆ ಅವು ಅಂತರ್ಜಾಲದ ವಿಶ್ವಕೋಶಗಳಲ್ಲಿಯೂ ಸ್ಥಾನ ಪಡೆಯಬಹುದೇ ಎಂಬುದು ಬೇರೆಯೇ ಪ್ರಶ್ನೆ. ಇಂಗ್ಲಿಷ್ ವಿಕಿಪೀಡಿಯದ ಸಂಪಾದಕ ಬಳಗವು ಇದನ್ನು ದೀರ್ಘವಾಗಿ ಚರ್ಚಿಸಿ, ಸಂಪೂರ್ಣವಾಗಿ ಯಂತ್ರವೇ ರಚಿಸಿದ ಚಿತ್ರಗಳನ್ನು ಲೇಖನಗಳಲ್ಲಿ ಸಾಮಾನ್ಯವಾಗಿ ಬಳಸಕೂಡದೆಂಬ ನಿರ್ಣಯಕ್ಕೆ 2025ರಲ್ಲಿ ಬಂದಿತು. ಆ ವಿದ್ಯೆಯನ್ನೇ ಕುರಿತ ಲೇಖನಗಳಂತಹ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ ಉಂಟು. ಆದರೆ ವಿಕಿಪೀಡಿಯದ ಪ್ರತಿಯೊಂದು ಭಾಷೆಯ ಆವೃತ್ತಿಯೂ ತನ್ನ ನಿಯಮವನ್ನು ತಾನೇ ರೂಪಿಸಿಕೊಳ್ಳುತ್ತದೆ. ಇಂಗ್ಲಿಷಿನ ನಿರ್ಣಯವು 2003ರಲ್ಲಿ ಆರಂಭವಾದ ಕನ್ನಡ ಆವೃತ್ತಿಯನ್ನು ತಾನಾಗಿಯೇ ಕಟ್ಟಿಹಾಕುವುದಿಲ್ಲ. ಆದುದರಿಂದ ಈ ಪ್ರಶ್ನೆಯನ್ನು ನಾವೂ ವಿಚಾರಿಸಬೇಕಾಗಿದೆ.

ನಿರ್ಣಯವು ಯೋಗ್ಯವೆಂದೇ ನನ್ನ ಅಭಿಪ್ರಾಯ. ಆದರೆ ಅದಕ್ಕೆ ಸಾಮಾನ್ಯವಾಗಿ ಕೊಡಲಾಗುವ ಕಾರಣವು ನನಗೆ ಸಾಲದು. ಯಂತ್ರದ ಚಿತ್ರಗಳಲ್ಲಿ ತಪ್ಪುಗಳಿರುತ್ತವೆ ಎಂಬುದು ಆ ಕಾರಣ. ತಪ್ಪುಗಳಿರುವುದು ನಿಜ. 2024ರ ಫೆಬ್ರವರಿಯಲ್ಲಿ ಜೀವವಿಜ್ಞಾನದ ಒಂದು ಅಂತರರಾಷ್ಟ್ರೀಯ ಪತ್ರಿಕೆಯು ಇಲಿಯ ಅಂಗರಚನೆಯ ಯಂತ್ರರಚಿತ ಚಿತ್ರವೊಂದನ್ನು ಪ್ರಕಟಿಸಿತು. ಅಂಗಗಳ ಪ್ರಮಾಣವು ಅಸಂಬದ್ಧವಾಗಿತ್ತು, ಹೆಸರಿನ ಪಟ್ಟಿಗಳಲ್ಲಿ ಅರ್ಥವೇ ಇಲ್ಲದ ಅಕ್ಷರಗಳಿದ್ದವು. ಲೇಖನವನ್ನು ಕೆಲವೇ ದಿನಗಳಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ನಾನೂ ಪರೀಕ್ಷಾರ್ಥವಾಗಿ ಭಗವಾನ್ ಪಾರ್ಶ್ವನಾಥರ ಚಿತ್ರವನ್ನು ಕೇಳಿ ನೋಡಿದೆ. ದೊರೆತ ಬಿಂಬಕ್ಕೆ ಆಭರಣಗಳಿದ್ದವು, ಹೆಡೆಗಳು ಎಣಿಕೆಗೆ ಸಿಗುವಂತಿರಲಿಲ್ಲ. ಸುಪಾರ್ಶ್ವನಾಥರಿಗೆ ಐದು, ಪಾರ್ಶ್ವನಾಥರಿಗೆ ಏಳು ಎಂದು ಹೆಡೆಗಳನ್ನು ಎಣಿಸಿಯೇ ಬಿಂಬವನ್ನು ಗುರುತಿಸುವ ನಮ್ಮ ಮಕ್ಕಳಿಗೂ ಈ ದೋಷ ಕಾಣುತ್ತದೆ. ಆದರೆ ಇಂತಹ ತಪ್ಪುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ತಪ್ಪೊಂದೇ ಆಕ್ಷೇಪಣೆಯಾದರೆ, ನಾಳೆ ಏಳು ಹೆಡೆಗಳನ್ನು ಸರಿಯಾಗಿ ಬಿಡಿಸಿದ ದಿನ ಆ ಚಿತ್ರವು ವಿಶ್ವಕೋಶಕ್ಕೆ ಸಲ್ಲುತ್ತದೆಯೆಂದು ಒಪ್ಪಬೇಕಾದೀತು. ನಾನು ಒಪ್ಪಲಾರೆ.

ವ್ಯಾಪಾರಸ್ಥನಾದ ನನಗೆ ಈ ವಿಷಯವು ಲೆಕ್ಕಪತ್ರದ ಭಾಷೆಯಲ್ಲಿಯೇ ಸ್ಪಷ್ಟವಾಗುತ್ತದೆ. ಖಿರ್ದಿಯಲ್ಲಿ ಬರೆದ ಮೊತ್ತವು ಪೈಸೆಗೆ ಸರಿಯಾಗಿದ್ದರೂ ಅದರ ಹಿಂದೆ ವೋಚರು ಇಲ್ಲದಿದ್ದರೆ ಆಡಿಟರು ಅದನ್ನು ಪ್ರಶ್ನಿಸುತ್ತಾರೆ. ಮೊತ್ತ ತಪ್ಪೆಂದು ಅವರು ಹೇಳುವುದಿಲ್ಲ, ಆಧಾರವೆಲ್ಲಿ ಎಂದು ಕೇಳುತ್ತಾರೆ. ವಿಶ್ವಕೋಶದ ಚಿತ್ರವೂ ಒಂದು ನಮೂದೇ. ಛಾಯಾಚಿತ್ರಕ್ಕೆ ತೆಗೆದ ಸ್ಥಳ, ದಿನಾಂಕ, ತೆಗೆದವರು ಎಂಬ ವೋಚರು ಇರುತ್ತದೆ. ಯಂತ್ರದ ಚಿತ್ರಕ್ಕೆ ಇರುವುದು ಒಂದು ಸೂಚನಾವಾಕ್ಯ ಮಾತ್ರ. ಲಕ್ಷಾಂತರ ಚಿತ್ರಗಳಿಂದ ಅರೆದು ತೆಗೆದ ಆ ಮಿಶ್ರಣದಲ್ಲಿ ಯಾವ ರೇಖೆ ಎಲ್ಲಿಂದ ಬಂತೆಂದು ಯಾರೂ ತೋರಿಸಲಾರರು.

ಆದಿಕವಿ ಪಂಪನ ವಿಷಯವನ್ನೇ ತೆಗೆದುಕೊಳ್ಳೋಣ. 902ರಲ್ಲಿ ಜನಿಸಿದ ಆತನ ಸಮಕಾಲೀನ ಭಾವಚಿತ್ರವು ನಮಗೆ ದೊರೆತಿಲ್ಲ. ಯಂತ್ರಕ್ಕೆ ಹೇಳಿದರೆ ಗಂಭೀರ ಮುಖದ, ಓಲೆಗರಿ ಹಿಡಿದ ಕವಿಯೊಬ್ಬನನ್ನು ಛಾಯಾಚಿತ್ರವೆಂದೇ ಭ್ರಮಿಸುವಂತೆ ಕೊಡುತ್ತದೆ. ಅದನ್ನು ಲೇಖನದ ತಲೆಯಲ್ಲಿಟ್ಟರೆ ಪುಟಕ್ಕೆ ಶೋಭೆ ಬಂದೀತು. ಆದರೆ ಪಂಪನ ಮುಖವನ್ನು ನಾವು ಅರಿಯೆವು ಎಂಬ ಒಂದು ಸತ್ಯಾಂಶವು ಅಲ್ಲಿಂದ ಅಳಿಸಿಹೋಗುತ್ತದೆ. ವಿಶ್ವಕೋಶದಲ್ಲಿ ಖಾಲಿ ಬಿಟ್ಟ ಚೌಕವೂ ಒಂದು ಮಾಹಿತಿ. ನಮ್ಮ ಶಾಸನತಜ್ಞರು ಇದನ್ನು ಚೆನ್ನಾಗಿ ಬಲ್ಲವರು. ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ ಅವರು 1923ರಲ್ಲಿ ಪರಿಷ್ಕರಿಸಿದರು. ಶಾಸನಪಾಠಗಳನ್ನು ಅಚ್ಚಿಸುವಾಗ ಅಕ್ಷರ ಸವೆದುಹೋದ ಕಡೆ ಚುಕ್ಕೆಗಳನ್ನಿಡುವುದು ಈ ವಿದ್ವತ್ತಿನ ಪದ್ಧತಿ. ಊಹೆಯಿಂದ ತುಂಬಿಸಬಲ್ಲವರೇ ಚುಕ್ಕೆಯನ್ನಿಟ್ಟರು. ಇಂದು ಸವೆದ ಕಲ್ಲಿನ ಛಾಯಾಚಿತ್ರವನ್ನು ಸ್ಪಷ್ಟಗೊಳಿಸೆಂದು ಯಂತ್ರಕ್ಕೆ ಕೊಟ್ಟರೆ, ಅದು ಚುಕ್ಕೆಯನ್ನಿಡುವ ಬದಲು ಇಲ್ಲದ ಅಕ್ಷರವನ್ನೇ ಕೆತ್ತಿ ತೋರಿಸುವ ಅಪಾಯವಿದೆ. ಇದು ಪಂಪನ ಮುಖಕ್ಕಿಂತಲೂ ಕೆಟ್ಟದ್ದು. ಏಕೆಂದರೆ ಕಾಲ್ಪನಿಕ ಮುಖದಿಂದ ಯಾರೂ ಇತಿಹಾಸವನ್ನು ಬರೆಯಲಾರರು, ಅಕ್ಷರದಿಂದ ಬರೆದಾರು.

ಪಂಪನ ಲೇಖನಕ್ಕೆ ಆಧಾರವುಳ್ಳ ಚಿತ್ರವೇ ಇಲ್ಲವೆಂದೇನೂ ಅಲ್ಲ. ತೆಲಂಗಾಣದ ಕುರಿಕ್ಯಾಲದ ಬೆಟ್ಟದಲ್ಲಿ ಆತನ ತಮ್ಮ ಜಿನವಲ್ಲಭನು ಬರೆಯಿಸಿದ, ಕನ್ನಡ ಸಂಸ್ಕೃತ ತೆಲುಗು ಮೂರೂ ಭಾಷೆಗಳುಳ್ಳ ಬಂಡೆಗಲ್ಲಿನ ಶಾಸನವಿದೆ. ಹಾಗೆಯೇ ದಾನಚಿಂತಾಮಣಿ ಅತ್ತಿಮಬ್ಬೆಯ ಲೇಖನಕ್ಕೆ ಕಲ್ಪಿತ ಮುಖವೇಕೆ? ಆಕೆ ಕಟ್ಟಿಸಿದ ಲಕ್ಕುಂಡಿಯ ಬ್ರಹ್ಮಜಿನಾಲಯವು ಇಂದಿಗೂ ನಿಂತಿದೆ.

ಇಲ್ಲಿ ಒಂದು ಪೂರ್ವಪಕ್ಷವುಂಟು. ಕಲಾವಿದರು ಬಿಡಿಸಿದ ಮಹಾಪುರುಷರ ಚಿತ್ರಗಳೂ ಕಲ್ಪನೆಯೇ ಅಲ್ಲವೇ, ಅವುಗಳಿಗೆ ವಿಶ್ವಕೋಶದಲ್ಲಿ ಅವಕಾಶವಿರುವಾಗ ಯಂತ್ರವು ಮಾಡಿದ ಅಪರಾಧವೇನು ಎಂದು ಕೇಳುವವರಿದ್ದಾರೆ. ಪ್ರಶ್ನೆಯು ನ್ಯಾಯವಾದುದೇ, ಕ್ಯಾಲೆಂಡರಿನ ಚಿತ್ರವನ್ನೇ ನಿಜರೂಪವೆಂದು ತಿಳಿದ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಆದರೂ ಭೇದವಿದೆ. ಶ್ರವಣಬೆಳಗೊಳದ ಜೈನಮಠದ ಗೋಡೆಯ ಚಿತ್ರಗಳು ತೀರ್ಥಂಕರರ ಕಾಲಕ್ಕೆ ಸಾಕ್ಷಿಯಲ್ಲದಿದ್ದರೂ ಅವನ್ನು ಬರೆಯಿಸಿದ ಕಾಲದ ಭಕ್ತಿಗೆ, ಉಡುಗೆಗೆ, ವರ್ಣಕಲೆಗೆ ಸಾಕ್ಷಿ. ಇನ್ನು ಡೈನೋಸಾರುಗಳಂತಹ ನಷ್ಟಜೀವಿಗಳ ಚಿತ್ರಗಳನ್ನು ಪರಿಶೀಲಿಸಲು ಇಂಗ್ಲಿಷ್ ವಿಕಿಪೀಡಿಯದಲ್ಲಿ ಪ್ರತ್ಯೇಕ ವ್ಯವಸ್ಥೆಯೇ ಇದೆ. ಅಲ್ಲಿ ಕಲಾವಿದನನ್ನು ಈ ಕಾಲು ಹೀಗೇಕೆಂದು ಕೇಳಬಹುದು. ಆತನು ಪಳೆಯುಳಿಕೆಯ ಆಧಾರವನ್ನು ತೋರಿಸುತ್ತಾನೆ, ಇಲ್ಲವೇ ತಿದ್ದುತ್ತಾನೆ. ಆತನು ಉತ್ತರದಾಯಿ. ಯಂತ್ರವನ್ನು ಕೇಳಿದರೆ ಮತ್ತೊಂದು ಚಿತ್ರವನ್ನು ಕೊಡುತ್ತದೆ.

ಕೆಳಗೆ ‘ಯಂತ್ರರಚಿತ’ವೆಂದು ಬರೆದರೆ ಸಾಕೆಂಬ ಸಲಹೆಯೂ ಇದೆ. ಆದರೆ ಚಿತ್ರವನ್ನು ನಕಲು ಮಾಡಿಕೊಂಡು ಹೋಗುವವರು ಅಡಿಬರಹವನ್ನು ಅಲ್ಲಿಯೇ ಬಿಟ್ಟುಹೋಗುತ್ತಾರೆ. ಅದು ಶಾಲೆಯ ಭಿತ್ತಿಪತ್ರಕ್ಕೆ, ಸ್ಮರಣಸಂಚಿಕೆಯ ಮುಖಪುಟಕ್ಕೆ ಬಂದಾಗ ವಿಶ್ವಕೋಶದ್ದೆಂಬ ಗೌರವ ಮಾತ್ರ ಉಳಿದಿರುತ್ತದೆ. ಅಂತರ್ಜಾಲದಲ್ಲಿ ಹರಡಿದ ಅದೇ ಚಿತ್ರವು ಮುಂದಿನ ಯಂತ್ರದ ಶಿಕ್ಷಣಕ್ಕೂ ಆಹಾರವಾಗಬಹುದು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳಲ್ಲಿ ‘ಕೂಟಲೇಖಕ್ರಿಯೆ’, ಅಂದರೆ ಸುಳ್ಳು ದಸ್ತಾವೇಜನ್ನು ಸೃಷ್ಟಿಸುವುದು, ಒಂದಾಗಿ ಎಣಿಸಲ್ಪಟ್ಟಿದೆ. ಚಿತ್ರವನ್ನು ಏರಿಸುವವನಿಗೆ ವಂಚಿಸುವ ಉದ್ದೇಶವಿಲ್ಲದಿರುವುದರಿಂದ ಇದನ್ನು ನೇರವಾಗಿ ಆ ದೋಷವೆಂದು ಕರೆಯಲು ನಾನು ಹಿಂಜರಿಯುತ್ತೇನೆ. ಆದರೆ ನಮ್ಮ ಶಾಸ್ತ್ರವು ಅಸತ್ಯವನ್ನು ವಿವರಿಸುವಾಗ ಪ್ರಮಾದವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಪುಟವು ಬೋಳಾಗಿ ಕಾಣುತ್ತದೆಂಬ ಕಾರಣಕ್ಕೆ ಆಧಾರವಿಲ್ಲದ್ದನ್ನು ಆಧಾರದ ಸ್ಥಾನದಲ್ಲಿಡುವುದು ಪ್ರಮಾದವಲ್ಲವೆನ್ನಲಾಗದು.

ಇನ್ನು ನಮ್ಮ ಬಸದಿಗಳ ಟ್ರಸ್ಟುಗಳಿಗೆ ಒಂದು ಮಾತು. ಎಷ್ಟೋ ಬಸದಿಗಳಲ್ಲಿ ಛಾಯಾಚಿತ್ರಕ್ಕೆ ಅನುಮತಿಯಿಲ್ಲ. ಗರ್ಭಗೃಹದ ಪೂಜಾಬಿಂಬದ ವಿಷಯದಲ್ಲಿ ಆ ಮರ್ಯಾದೆಯನ್ನು ಕಾಯುವುದು ಉಚಿತವೇ. ಆದರೆ ಮಾನಸ್ತಂಭ, ನಿಷಿಧಿಗಲ್ಲು, ನವರಂಗದ ಕಂಬ, ಅಂಗಳದ ಶಾಸನ ಇವುಗಳಿಗೂ ಬೀಗವೇಕೆ? ವಿಕಿಪೀಡಿಯಕ್ಕೆ ಚಿತ್ರಗಳನ್ನೊದಗಿಸುವ ವಿಕಿಮೀಡಿಯ ಕಾಮನ್ಸ್ ಭಂಡಾರವು ಯಾರು ಬೇಕಾದರೂ ಪುನಃ ಬಳಸಬಹುದಾದ, ಮುಕ್ತ ಪರವಾನಗಿಯ ಚಿತ್ರಗಳನ್ನು ಮಾತ್ರ ಸ್ವೀಕರಿಸುತ್ತದೆ. ವ್ಯಾಪಾರಕ್ಕೂ ಬಳಸಲು ಒಪ್ಪಬೇಕೆಂಬ ನಿಬಂಧನೆಯಿಂದ ನಮ್ಮವರು ಹಿಂದೆಗೆಯುತ್ತಾರೆ. ನನಗೆ ತಿಳಿದ ಒಂದು ಟ್ರಸ್ಟಿನವರು ಲಕ್ಷಗಟ್ಟಲೆ ವ್ಯಯಿಸಿ ಬಣ್ಣದ ಸಂಪುಟವನ್ನು ಅಚ್ಚುಹಾಕಿಸಿದರು. ಅದರ ಪ್ರತಿಗಳು ಕಪಾಟಿನಲ್ಲಿವೆ, ಅದರೊಳಗಿನ ಒಂದು ಚಿತ್ರವೂ ಓದುಗರಿಗೆ ಅಂತರ್ಜಾಲದಲ್ಲಿ ಸಿಗದು. ಇಪ್ಪತ್ತು ಛಾಯಾಚಿತ್ರಗಳನ್ನು ಸ್ಥಳ, ದಿನಾಂಕ, ಅಳತೆಗಳೊಂದಿಗೆ ಮುಕ್ತ ಪರವಾನಗಿಯಲ್ಲಿ ಕೊಡಲು ಮುಂದಿನ ಸಭೆಯಲ್ಲಿ ಒಂದು ಠರಾವು ಸಾಕು. ತೆಗೆಯಲು ಊರಿನ ಹುಡುಗರೇ ಇದ್ದಾರೆ.