ಓದಲಾರದವನ ಸಹಿ: ಗಡಿಯೂರಿನ ಪರದೆಗಳಲ್ಲಿ ಪಾತ್ರ ಮತ್ತು ಪರವಾನಗಿ

ರೈಲು ನಿಲ್ದಾಣ, ಬಸ್ ನಿಲ್ದಾಣ, ದೇವಸ್ಥಾನ, ಆಸ್ಪತ್ರೆ, ನಗರಪಾಲಿಕೆಯ ಕಚೇರಿ ಮೊದಲಾದೆಡೆ ತೂಗುಹಾಕಿದ ಪರದೆಗಳ ಮೇಲೆ ಏನು, ಯಾವಾಗ, ಎಷ್ಟು ಹೊತ್ತು ಕಾಣಬೇಕೆಂಬುದನ್ನು ದೂರದ ಒಂದು ಗಣಕದಿಂದ ನಿರ್ಧರಿಸುವ ವ್ಯವಸ್ಥೆಗೆ ಡಿಜಿಟಲ್ ಸೈನೇಜ್ ತಂತ್ರಾಂಶವೆಂಬ ಹೆಸರು ರೂಢಿಗೆ ಬಂದಿದೆ. ಇಂಥ ತಂತ್ರಾಂಶವನ್ನು ಕೊಳ್ಳುವವರು ಚಿತ್ರದ ಹೊಳಪನ್ನೂ ಬೆಲೆಯನ್ನೂ ವಿಚಾರಿಸುತ್ತಾರೆಯೇ ಹೊರತು, ಅದರೊಳಗೆ ಯಾರು ಬರೆಯಬಹುದು, ಯಾರು ತಿದ್ದಬಹುದು, ಯಾರು ಪರದೆಗೆ ಕಳಿಸಬಹುದು, ಯಾರು ತಡೆಯಬಹುದು ಎಂಬ ಏರ್ಪಾಡನ್ನು ವಿಚಾರಿಸುವುದು ಅಪರೂಪ. ಬಳಕೆದಾರರ ಕೆಲಸಕ್ಕೆ ತಕ್ಕಂತೆ ಅವರನ್ನು ವಿಂಗಡಿಸಿದಾಗ ದೊರೆಯುವ ಸ್ಥಾನವನ್ನು ‘ಪಾತ್ರ’ವೆಂದೂ, ಆ ಪಾತ್ರದೊಡನೆ ಬರುವ ಹಕ್ಕುಗಳನ್ನು ‘ಪರವಾನಗಿ’ಗಳೆಂದೂ ಇಲ್ಲಿ ಕರೆಯಲಾಗಿದೆ, ಎರಡನೆಯ ಮಾತು ಸೊಲ್ಲಾಪುರ ಸೀಮೆಯ ಕನ್ನಡಕ್ಕೂ ಮರಾಠಿಗೂ ಸಮಾನವಾಗಿ ಸೇರಿದ್ದು. ಒಂದೇ ಭಾಷೆಯ ಊರಿನಲ್ಲಿ ಗಮನಕ್ಕೇ ಬಾರದ ಈ ಏರ್ಪಾಡಿನ ಕೊರತೆಯೊಂದು, ಮಹಾರಾಷ್ಟ್ರದ ಗಡಿಯಲ್ಲಿರುವ ಸೊಲ್ಲಾಪುರ ಮತ್ತು ಅಕ್ಕಲಕೋಟೆಯಂಥ ಬಹುಭಾಷಿಕ ಊರುಗಳಿಗೆ ತಂದು ಹಚ್ಚಿದೊಡನೆ ಎದ್ದು ಕಾಣುತ್ತದೆ.

ಸೊಲ್ಲಾಪುರದಲ್ಲಿ ಆಡಳಿತದ ಮರಾಠಿಯ ಜೊತೆಗೆ, ಊರು ಸಿದ್ಧರಾಮನ ಸೊನ್ನಲಿಗೆಯಾಗಿದ್ದ ಕಾಲದಿಂದ ಉಳಿದುಬಂದ ಕನ್ನಡ, ನೇಕಾರಿಕೆಗೆಂದು ಬಂದು ನೆಲೆಸಿದ ಪದ್ಮಶಾಲಿಗಳ ತೆಲುಗು ಮತ್ತು ಉರ್ದು ದಿನಬಳಕೆಯಲ್ಲಿವೆ. ಅಕ್ಕಲಕೋಟೆ ತಾಲ್ಲೂಕಿನಲ್ಲಿ ಕನ್ನಡದ ಪ್ರಮಾಣ ಇನ್ನೂ ಹೆಚ್ಚು. 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ಈ ತಾಲ್ಲೂಕು ಕರ್ನಾಟಕಕ್ಕೆ ಸೇರಬೇಕೆಂದು ಶಿಫಾರಸು ಮಾಡಿತ್ತು, ಅದು ಜಾರಿಗೆ ಬರಲಿಲ್ಲ. ಸ್ವಾಮಿ ಸಮರ್ಥರ ಸಮಾಧಿಯಿರುವ ಅಕ್ಕಲಕೋಟೆಗೆ ಪಂಢರಪುರ, ತುಳಜಾಪುರಗಳ ಕಡೆಯಿಂದ ಮರಾಠಿ ಯಾತ್ರಿಕರೂ, ಗಾಣಗಾಪುರ, ಆಳಂದ, ಕಲಬುರಗಿಗಳ ಕಡೆಯಿಂದ ಕನ್ನಡ ಯಾತ್ರಿಕರೂ ಬರುತ್ತಾರೆ. ರೈಲಿನಲ್ಲಿ ಬಂದವರು ಇಳಿಯುವ ಅಕ್ಕಲಕೋಟ ರೋಡ್ ನಿಲ್ದಾಣ ಊರಿನಿಂದ ಸುಮಾರು 10 ಕಿಲೋಮೀಟರ್ ಆಚೆ ಇರುವುದರಿಂದ, ಮುಂದಿನ ಬಸ್ಸು ಎಷ್ಟು ಹೊತ್ತಿಗೆ, ಪ್ರಸಾದ ಎಲ್ಲಿ, ಎಷ್ಟರವರೆಗೆ ಎಂಬ ಸಣ್ಣ ಸೂಚನೆಗಳ ಮೇಲೆಯೇ ಅವರ ದಿನ ನಿಂತಿರುತ್ತದೆ. 2016ರ ಜನವರಿಯಲ್ಲಿ ಕೇಂದ್ರ ಸರಕಾರ ಸ್ಮಾರ್ಟ್ ಸಿಟಿ ಯೋಜನೆಗೆ ಆರಿಸಿದ ಮೊದಲ 20 ನಗರಗಳ ಪಟ್ಟಿಯಲ್ಲಿ ಸೊಲ್ಲಾಪುರವೂ ಇದ್ದದ್ದರಿಂದ, ಸಾರ್ವಜನಿಕ ಪರದೆಗಳ ಪ್ರಶ್ನೆ ಅಲ್ಲಿ ದೂರದ್ದಲ್ಲ.

ಪಾತ್ರಗಳ ಮೂಲಕ ಹಕ್ಕು ಹಂಚುವ ಪದ್ಧತಿಗೆ ಗಣಕಶಾಸ್ತ್ರದಲ್ಲಿ ಒಂದು ವಂಶಾವಳಿಯಿದೆ. ಪ್ರತಿಯೊಬ್ಬನಿಗೂ ಅವನ ಕೆಲಸಕ್ಕೆ ಬೇಕಾದಷ್ಟೇ ಹಕ್ಕು ಇರಬೇಕೆಂಬ ತತ್ತ್ವವನ್ನು ಸಾಲ್ಟ್ಜರ್ ಮತ್ತು ಶ್ರೋಡರ್ 1975ರ ಪ್ರಬಂಧದಲ್ಲಿ ವಿವರಿಸಿದರು. ಹಕ್ಕನ್ನು ವ್ಯಕ್ತಿಗಲ್ಲ, ಪಾತ್ರಕ್ಕೆ ಕಟ್ಟಬೇಕೆಂಬ ಮಾದರಿಯನ್ನು 1992ರಲ್ಲಿ ಫೆರಾಯಿಯೋಲೋ ಮತ್ತು ಕೂನ್ ಮಂಡಿಸಿದರು. 1996ರಲ್ಲಿ ಸಂಧು ಮತ್ತು ಅವರ ಸಂಗಡಿಗರು ಅದನ್ನು ಶ್ರೇಣಿಗಳಾಗಿ ಬೆಳೆಸಿದರು. ಈ ಮಾದರಿಯ ಇನ್ನೊಂದು ಆಧಾರ ಕರ್ತವ್ಯ ವಿಭಜನೆ, ಅಂದರೆ ಒಂದು ಕೆಲಸವನ್ನು ಆರಂಭಿಸುವವನೂ ಅದನ್ನು ಅಂತಿಮಗೊಳಿಸುವವನೂ ಒಬ್ಬನೇ ಆಗಿರಬಾರದೆಂಬ ಕಟ್ಟಳೆ. ಈ ಕಟ್ಟಳೆ ಗಡಿ ಸೀಮೆಯ ಚಾವಡಿಗಳಿಗೆ ಹೊಸದಾಗಿರಲಿಲ್ಲ. ಪಾಟೀಲ ಆಜ್ಞೆ ಕೊಡುತ್ತಿದ್ದ, ಕುಲಕರ್ಣಿ ಅದನ್ನು ದಫ್ತರಕ್ಕೆ ಏರಿಸುತ್ತಿದ್ದ, ತಳವಾರ ಓಣಿ ಓಣಿಗೆ ಹೋಗಿ ಡಂಗುರ ಸಾರುತ್ತಿದ್ದ. ದಫ್ತರದಲ್ಲಿ ಇಲ್ಲದ ಮಾತು ಡಂಗುರಕ್ಕೆ ಬಂದರೆ ಊರೇ ಕೇಳುತ್ತಿತ್ತು. ಆದರೆ ಆ ವ್ಯವಸ್ಥೆಯಲ್ಲಿ ಪಾತ್ರ ಹುಟ್ಟಿನಿಂದ ಬರುತ್ತಿತ್ತು, ಡಂಗುರ ಬಾರಿಸುವವನ ಮಗ ದಫ್ತರ ಬರೆಯುವಂತಿರಲಿಲ್ಲ. ಮುಂಬಯಿ ರಾಜ್ಯ 1950ರ ಕಾಯ್ದೆಯಿಂದ ಕುಲಕರ್ಣಿ ವತನಗಳನ್ನೂ 1958ರ ಕಾಯ್ದೆಯಿಂದ ಕೆಳಹಂತದ ಗ್ರಾಮ ವತನಗಳನ್ನೂ ತೆಗೆದುಹಾಕಿದಾಗ ಕಡಿದದ್ದು ಈ ಗಂಟನ್ನೇ. ಹಳೆಯ ಚಾವಡಿಯನ್ನು ಹೊಗಳುವವರು ಇಷ್ಟನ್ನು ಮರೆಯಬಾರದು; ಆದರೂ ಅಲ್ಲಿ ಸಾರುವವನಿಗೆ ಸಾರುವ ಭಾಷೆ ಬರುತ್ತಿತ್ತು ಎಂಬ ಒಂದು ಸಂಗತಿ ಉಳಿಯುತ್ತದೆ.

ಈಗ ಬಳಕೆಯಲ್ಲಿರುವ ತಂತ್ರಾಂಶಗಳ ಪೈಕಿ ಮುಕ್ತ ಆಕರದ ಕ್ಸಿಬೋ ಪರಿಶೀಲನೆಗೆ ಯೋಗ್ಯವಾದದ್ದು. ಮುಕ್ತ ಆಕರವೆಂದರೆ ಅದರ ಸಂಕೇತಲಿಪಿಯನ್ನು ಯಾರು ಬೇಕಾದರೂ ಓದಬಹುದು, ತಿದ್ದಿಕೊಳ್ಳಬಹುದು. ಅದರಲ್ಲಿ ಬಳಕೆದಾರರು ಮೂರು ಬಗೆ: ಎಲ್ಲವನ್ನೂ ಆಳುವ ಮುಖ್ಯ ನಿರ್ವಾಹಕ, ತನ್ನ ಗುಂಪಿನ ಮಟ್ಟಿಗೆ ಆಳುವ ಗುಂಪು ನಿರ್ವಾಹಕ ಮತ್ತು ಸಾಮಾನ್ಯ ಬಳಕೆದಾರ. ಇದರ ಮೇಲೆ ಎರಡು ಪದರಗಳಿವೆ. ತಂತ್ರಾಂಶದ ಯಾವ ಯಾವ ಕೋಣೆಗೆ ಕಾಲಿಡಬಹುದೆಂಬುದನ್ನು ಒಂದು ಪದರ ಹೇಳಿದರೆ, ಆ ಕೋಣೆಯೊಳಗಿನ ಯಾವ ವಸ್ತುವನ್ನು ನೋಡಬಹುದು, ತಿದ್ದಬಹುದು, ಅಳಿಸಬಹುದು ಎಂಬುದನ್ನು ಇನ್ನೊಂದು ಹೇಳುತ್ತದೆ. ಮೂರನೆಯ ಆವೃತ್ತಿಯಿಂದೀಚೆಗೆ ವಸ್ತುಗಳನ್ನು ಕಡತಕೋಶಗಳಲ್ಲಿಟ್ಟು ಇಡೀ ಕೋಶಕ್ಕೇ ಪರವಾನಗಿ ಕೊಡುವ ಅನುಕೂಲವೂ ಸೇರಿತು. ಈ ಎರಡು ಪದರಗಳನ್ನು ಬೇರೆಯಾಗಿ ಇಟ್ಟದ್ದು ಕ್ಸಿಬೋ ವಿನ್ಯಾಸದ ದೊಡ್ಡ ಗುಣ. ದೇವಸ್ಥಾನದ ಪ್ರಸಾದ ವಿಭಾಗದ ಕಾರಕೂನನಿಗೆ ಸೂಚನೆ ಬರೆಯುವ ಹಕ್ಕನ್ನು ಕೊಟ್ಟು, ವೇಳಾಪಟ್ಟಿಗೆ ಏರಿಸುವ ಹಕ್ಕನ್ನು ತಡೆಹಿಡಿದರೆ, ಬರೆಯುವವನು ಬೇರೆ, ಪರದೆಗೆ ಕಳಿಸುವವನು ಬೇರೆ ಎಂಬ ವಿಭಜನೆ ತಾನಾಗಿ ಒದಗುತ್ತದೆ.

ಆದರೆ ಈ ವಿಭಜನೆ ಮೊದಲ ಸಲಕ್ಕೆ ಮಾತ್ರ ಗಟ್ಟಿ. ಕ್ಸಿಬೋದಲ್ಲಿ ಒಂದು ಪುಟಕ್ಕೆ ಕರಡು ಮತ್ತು ಪ್ರಕಟಿತ ಎಂಬ ಎರಡು ಸ್ಥಿತಿಗಳಿದ್ದರೂ, ತಿದ್ದುವ ಹಕ್ಕು ಇದ್ದವನೇ ಅದನ್ನು ಪ್ರಕಟಿಸಬಲ್ಲ. ಆ ಪುಟ ಆಗಲೇ ವೇಳಾಪಟ್ಟಿಯಲ್ಲಿದ್ದರೆ, ತಿದ್ದಿದ ಮಾತು ಮೇಲಿನವನ ಕಣ್ಣಿಗೆ ಬೀಳದೆ ಪರದೆಗೆ ಹೋಗುತ್ತದೆ. ವೇಳಾಪಟ್ಟಿಗೆ ಸಹಿ ಹಾಕಿದವನು ಪುಟಕ್ಕೆ ಸಹಿ ಹಾಕಿದನೇ ಹೊರತು ನಾಳೆ ಅದರಲ್ಲಿ ಬರುವ ಮಾತಿಗಲ್ಲ. ಕೋರಾ ಹಾಳೆಯ ಕೆಳಗೆ ಶಿಕ್ಕಾ ಒತ್ತಿಸಿಕೊಂಡು ಮೇಲೆ ಬರೆಯುವ ಹಳೆಯ ಕಚೇರಿಗಳ ಕುಖ್ಯಾತ ಚಾಳಿಗೂ ಇದಕ್ಕೂ ಅಂಥ ವ್ಯತ್ಯಾಸವಿಲ್ಲ.

ನಿಲ್ಲಿಸುವ ಹಕ್ಕಿನ ಪ್ರಶ್ನೆ ಇದಕ್ಕಿಂತ ತೀವ್ರವಾದದ್ದು. 2023ರ ಮಾರ್ಚ್ 19ರಂದು ಪಾಟ್ನಾ ಜಂಕ್ಷನ್ನಿನಲ್ಲಿ, ಪ್ಲಾಟ್‌ಫಾರ್ಮಿನ ಟಿ.ವಿ. ಪರದೆಗಳ ಮೇಲೆ ಸುಮಾರು 3 ನಿಮಿಷ ಅಶ್ಲೀಲ ದೃಶ್ಯಗಳು ಓಡಿ, ಜಾಹೀರಾತು ತೋರಿಸುತ್ತಿದ್ದ ಸಂಸ್ಥೆಯ ಗುತ್ತಿಗೆ ರದ್ದಾಯಿತು. ಆ ಅವಧಿ ಹೇಳುವ ಸಂಗತಿಯೆಂದರೆ, ಪರದೆಯ ಕೆಳಗೆ ನಿಂತಿದ್ದ ಯಾರ ಕೈಯಲ್ಲೂ ಅದನ್ನು ತಕ್ಷಣ ಆರಿಸುವ ಪರವಾನಗಿ ಇರಲಿಲ್ಲ. ತೋರಿಸುವ ಹಕ್ಕು ಮೇಲಿನವರಿಗೆ ಮಾತ್ರ ಇರುವುದು ಸರಿ. ಆರಿಸುವ ಹಕ್ಕು ಮಾತ್ರ ಕೆಳಗಿನವರೆಗೆ, ಪ್ಲಾಟ್‌ಫಾರ್ಮಿನ ಮೇಲಿರುವ ಸಿಬ್ಬಂದಿಯವರೆಗೆ ಇಳಿಯಬೇಕು. ಬಹುತೇಕ ತಂತ್ರಾಂಶಗಳು ಈ ಎರಡನ್ನೂ ಒಂದೇ ಏಣಿಯ ಮೆಟ್ಟಿಲುಗಳೆಂದು ಎಣಿಸಿ, ಏರಿದವನಿಗೇ ಎರಡನ್ನೂ ಕೊಡುತ್ತವೆ. ಚುನಾವಣೆಯ ನೀತಿಸಂಹಿತೆ ಜಾರಿಯಾದೊಡನೆ ಸರಕಾರಿ ಜಾಹೀರಾತುಗಳನ್ನು ಇಳಿಸಬೇಕಾದ ನಗರಪಾಲಿಕೆಗೂ ಇದೇ ಇಕ್ಕಟ್ಟು, ಗುತ್ತಿಗೆದಾರನ ಒಬ್ಬನೇ ನೌಕರನ ಬಳಿ ಗುಪ್ತಪದವಿದ್ದು ಅವನು ಊರಲ್ಲಿಲ್ಲದಿದ್ದರೆ ಹೇಳುವುದೇ ಬೇಡ.

ಗಡಿಯೂರಿನ ನಿಜವಾದ ತೊಡಕು ಭಾಷೆಯದು. ತಾಲ್ಲೂಕು ಅಥವಾ ಜಿಲ್ಲೆಯ ಜನಸಂಖ್ಯೆಯಲ್ಲಿ ಶೇ. 15ರಷ್ಟಾದರೂ ಭಾಷಾ ಅಲ್ಪಸಂಖ್ಯಾತರಿದ್ದ ಕಡೆ ಮುಖ್ಯ ಸೂಚನೆಗಳು ಅವರ ಭಾಷೆಯಲ್ಲಿಯೂ ಪ್ರಕಟವಾಗಬೇಕೆಂಬುದು 1956ರ ರಾಜ್ಯ ಪುನರ್ವಿಂಗಡಣೆಯ ಬೆನ್ನಿಗೆ ರೂಪುಗೊಂಡ ರಕ್ಷಣಾಕ್ರಮಗಳಲ್ಲಿ ಒಂದು. ಆ ರಕ್ಷಣೆಗಳ ಮೇಲ್ವಿಚಾರಣೆಗೆಂದು ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಬಿ ವಿಧಿಯಡಿ ವಿಶೇಷಾಧಿಕಾರಿಯ ಹುದ್ದೆಯೂ ಹುಟ್ಟಿತು. ಇನ್ನೊಂದೆಡೆ ಮಹಾರಾಷ್ಟ್ರ 2022ರಲ್ಲಿ ಸ್ಥಳೀಯ ಸಂಸ್ಥೆಗಳ ವ್ಯವಹಾರಕ್ಕೆ ಮರಾಠಿಯನ್ನು ಕಡ್ಡಾಯಗೊಳಿಸಿತು, ಅಂಗಡಿಗಳ ಹೆಸರುಹಲಗೆಗಳಲ್ಲಿ ದೇವನಾಗರಿಯ ಅಕ್ಷರ ಬೇರೆ ಲಿಪಿಗಿಂತ ಸಣ್ಣದಾಗಿರಬಾರದೆಂದೂ ವಿಧಿಸಿತು. ಇವೆರಡೂ ಒಂದನ್ನೊಂದು ಅಳಿಸುವುದಿಲ್ಲ. ಮರಾಠಿ ಇರಲೇಬೇಕು, ಕನ್ನಡವೂ ಇರಬೇಕು ಎಂಬಲ್ಲಿಗೆ ಬರುತ್ತದೆ. ಆದರೆ ತಂತ್ರಾಂಶದೊಳಗೆ ಈ ‘ಇರಬೇಕು’ಗಳಿಗೆ ಜಾಗವಿಲ್ಲ. ಪಾತ್ರಗಳ ಮಾದರಿ ಹುದ್ದೆಯನ್ನು ಕೇಳುತ್ತದೆ, ಓದುವ ಶಕ್ತಿಯನ್ನು ಕೇಳುವುದಿಲ್ಲ. ಒಪ್ಪಿಗೆ ಕೊಡುವ ಅಧಿಕಾರಿ ಕನ್ನಡ ಓದಲಾರದವನಾದರೆ, ಅವನ ಒಪ್ಪಿಗೆಯ ಗುರುತು ಲೆಕ್ಕಪುಸ್ತಕದಲ್ಲಿ ಬೀಳುತ್ತದೆಯೇ ವಿನಾ ಪರಿಶೀಲನೆ ನಡೆದಿರುವುದಿಲ್ಲ.

ಈ ಕೊರತೆಯ ಫಲ ಕಲ್ಪನೆಯದಲ್ಲ, ಲಿಪಿಯ ಮಟ್ಟದಲ್ಲಿಯೇ ಕಾಣುವಂಥದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕನ್ನಡ ಮೂಲತಃ ರೋಮನ್ ಸಂಕೇತಗಳ ಮೇಲೆ ಕನ್ನಡದ ಚಿತ್ರ ಹೊದಿಸಿದ್ದು. ಅದನ್ನು ಯುನಿಕೋಡ್‌ಗೆ ಪರಿವರ್ತಿಸದೆ ಅಂಟಿಸಿದರೆ ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಬೀಳುತ್ತದೆ. ಅಷ್ಟನ್ನು ಕನ್ನಡ ಬಾರದವನೂ ಗುರುತಿಸಿಯಾನು. ಗುರುತಿಸಲಾರದ ತಪ್ಪು ಇನ್ನೊಂದಿದೆ. ಪರದೆಗೆ ಜೋಡಿಸಿದ ಸಣ್ಣ ಗಣಕದಲ್ಲಿ ಅಕ್ಷರಗಳನ್ನು ಕೂಡಿಸುವ ವ್ಯವಸ್ಥೆ ಸರಿಯಿಲ್ಲದಿದ್ದರೆ ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲಿ ನಿಲ್ಲುತ್ತದೆ, ನಡುವೆ ಹಲಂತದ ಕೊಂಬು ಉಳಿಯುತ್ತದೆ. ‘ಅಕ್ಕಲಕೋಟೆ’ ಎಂಬ ಊರಿನ ಹೆಸರೇ ಅಲ್ಲಿ ‘ಅಕ್‌ಕಲಕೋಟೆ’ಯಾಗಿ ಒಡೆಯುತ್ತದೆ. ಕನ್ನಡ ಓದುವವನಿಗೆ ಇದು ಕಲ್ಲು ಸಿಕ್ಕ ಅನ್ನ. ಓದಲಾರದವನಿಗೆ ಎರಡೂ ಅಂದವಾದ ದುಂಡು ಅಕ್ಷರಗಳೇ. ಉರ್ದುವಿನಲ್ಲಿ ಸಾಲು ಬಲದಿಂದ ಎಡಕ್ಕೆ ಹರಿಯಬೇಕಾದ್ದರಿಂದ ತೊಡಕು ಇನ್ನೂ ಹೆಚ್ಚು.

ಕ್ಸಿಬೋದಲ್ಲಿ ಇದಕ್ಕೆ ಒಂದು ಸುತ್ತುದಾರಿ ಇದೆ. ಪುಟವನ್ನು ಎರಡು ವಲಯಗಳಾಗಿ ಸೀಳಿ, ಪ್ರತಿ ವಲಯಕ್ಕೂ ಬೇರೆ ಪಟ್ಟಿಯನ್ನು ಜೋಡಿಸಿ, ಮರಾಠಿ ಪಟ್ಟಿಯ ಪರವಾನಗಿಯನ್ನು ಮರಾಠಿ ಬಲ್ಲ ಗುಂಪಿಗೂ ಕನ್ನಡ ಪಟ್ಟಿಯದನ್ನು ಕನ್ನಡ ಬಲ್ಲ ಗುಂಪಿಗೂ ಕೊಡಬಹುದು. ಹಕ್ಕಿನ ದೃಷ್ಟಿಯಿಂದ ಇದು ಅಚ್ಚುಕಟ್ಟು; ಅರ್ಥದ ದೃಷ್ಟಿಯಿಂದ ಅಪಾಯ. ಪ್ರಸಾದದ ವೇಳೆ ಬದಲಾದಾಗ ಮರಾಠಿ ಗುಂಪು ಕೂಡಲೇ ತಿದ್ದಿ, ಕನ್ನಡ ಗುಂಪಿನವನು ರಜೆಯಲ್ಲಿದ್ದರೆ, ಒಂದೇ ಪರದೆಯ ಎರಡು ಅರ್ಧಗಳು ಎರಡು ವೇಳೆಗಳನ್ನು ಹೇಳುತ್ತ ನಿಲ್ಲುತ್ತವೆ. ಸೂಚನೆ ತಡವಾಗಿ ಬಂದರೆ ಯಾತ್ರಿಕ ಕಾಯುತ್ತಾನೆ, ಸುಳ್ಳಾಗಿ ಬಂದರೆ ಊಟ ತಪ್ಪಿಸಿಕೊಳ್ಳುತ್ತಾನೆ. ಆದ್ದರಿಂದ ಒಂದು ಅರ್ಧ ಬದಲಾದೊಡನೆ ಇನ್ನೊಂದು ಅರ್ಧ ತಾನಾಗಿ ಮರೆಯಾಗಿ ಹೊಸ ಒಪ್ಪಿಗೆಗೆ ಕಾಯಬೇಕು. ಕ್ಸಿಬೋದಲ್ಲಿ ಪುಟಗಳಿಗೂ ಚಿತ್ರಗಳಿಗೂ ಗುರುತುಚೀಟಿ ಅಂಟಿಸಬಹುದಾದರೂ, ‘ಕನ್ನಡ’ವೆಂದು ಚೀಟಿ ಹಚ್ಚಿದ ಮಾತ್ರಕ್ಕೆ ಅದು ಕನ್ನಡ ಬಲ್ಲವನ ಒಪ್ಪಿಗೆಯನ್ನು ಬೇಡುವುದಿಲ್ಲ. ಚೀಟಿಯನ್ನೂ ಪರವಾನಗಿಯನ್ನೂ ಒಂದೇ ದಾರದಲ್ಲಿ ಪೋಣಿಸುವುದು ತಂತ್ರಜ್ಞರಿಗೆ ದೊಡ್ಡ ಕೆಲಸವಲ್ಲ, ಬಹುಶಃ ಯಾರೂ ಕೇಳಿಲ್ಲ ಅಷ್ಟೆ.

ಅಮೆರಿಕದ ರೆನ್ಸಲೇರ್ ಪಾಲಿಟೆಕ್ನಿಕ್ ಸಂಸ್ಥೆಯ ವಿದ್ಯಾರ್ಥಿಗಳು ಕಟ್ಟಿದ ಕನ್ಚೆರ್ಟೋ ಎಂಬ ಮುಕ್ತ ತಂತ್ರಾಂಶ ಈ ವಿಷಯದಲ್ಲಿ ಹೆಚ್ಚು ವಿವೇಕದ್ದು. ಅದರಲ್ಲಿ ಬರಹಗಳು ವಿಷಯವಾರು ಹರಿವುಗಳಿಗೆ ಸಲ್ಲಿಕೆಯಾಗುತ್ತವೆ, ಪ್ರತಿ ಹರಿವಿಗೂ ಒಂದು ಗುಂಪು ಒಡೆತನ ವಹಿಸಿ ಒಪ್ಪುತ್ತದೆ ಅಥವಾ ಕಾರಣ ಕೊಟ್ಟು ತಿರಸ್ಕರಿಸುತ್ತದೆ, ಪರದೆಯ ಒಡೆಯ ತನಗೆ ಬೇಕಾದ ಹರಿವುಗಳಿಗೆ ಚಂದಾದಾರನಾಗುತ್ತಾನೆ. ಪರದೆಯ ಮೇಲಿನ ಅಧಿಕಾರ ಬೇರೆ, ಮಾತಿನ ಮೇಲಿನ ಅಧಿಕಾರ ಬೇರೆ ಎಂಬ ಅರಿವು ಇಲ್ಲಿ ಕೆಲಸ ಮಾಡಿದೆ. ಅಕ್ಕಲಕೋಟೆಯಲ್ಲಿ ಕನ್ನಡ ಸೂಚನೆಗಳಿಗೊಂದು ಹರಿವನ್ನು ಏರ್ಪಡಿಸಿ, ಅದರ ಒಡೆತನವನ್ನು ಹುದ್ದೆ ನೋಡದೆ ಓದು ನೋಡಿ ಒಪ್ಪಿಸಲು ಈ ಮಾದರಿಯಲ್ಲಿ ಅಡ್ಡಿಯಿಲ್ಲ. ಕನ್ಚೆರ್ಟೋ ಕಾಲೇಜಿನ ಆವರಣಕ್ಕೆ ಹೊಲಿದ ಅಂಗಿಯಾದ್ದರಿಂದ, ನೂರಾರು ಪರದೆಗಳ ನಗರಕ್ಕೆ ಅದು ಬಿಗಿಯಾಗುತ್ತದೆ ಎಂಬುದೂ ನಿಜ.

ಜಾತ್ರೆಯ ದಿನಗಳು ಇನ್ನೊಂದು ಒರೆಗಲ್ಲು. ಮಕರ ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದಲ್ಲಿ ನಡೆಯುವ ಸಿದ್ಧೇಶ್ವರನ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜಗಳ ಮೆರವಣಿಗೆಗೆ ಯಾವ ಕೋಲು ಮುಂದೆ, ಯಾವುದು ಹಿಂದೆ ಎಂಬ ಮಾನದ ಕ್ರಮವುಂಟು, ಆ ಮಾನ ಆ ದಿನಗಳಿಗಷ್ಟೇ ಸಲ್ಲುವಂಥದು. ಸ್ವಯಂಸೇವಕರಿಗೆ ಪರದೆಯ ಹಕ್ಕನ್ನು ಹೀಗೆಯೇ ದಿನ ಗೊತ್ತುಪಡಿಸಿ ಕೊಟ್ಟು, ದಿನ ಮುಗಿದೊಡನೆ ಅದು ತಾನಾಗಿ ಕಳಚಿಬೀಳುವಂತೆ ಮಾಡುವುದು ಅಗತ್ಯ. ಇಲ್ಲವಾದರೆ ಮೂರು ವರ್ಷದ ಹಿಂದಿನ ಸ್ವಯಂಸೇವಕನ ಖಾತೆ ಯಾರ ನೆನಪಿನಲ್ಲೂ ಇಲ್ಲದೆ ತೆರೆದೇ ಇರುತ್ತದೆ. ಖಾತೆಯನ್ನು ಅಳಿಸುವಾಗ ಅವನು ಮಾಡಿದ ಪುಟಗಳನ್ನು ಬೇರೊಬ್ಬನ ಹೆಸರಿಗೆ ವರ್ಗಾಯಿಸಬೇಕೋ ಅಳಿಸಬೇಕೋ ಎಂದು ಕ್ಸಿಬೋ ಕೇಳುತ್ತದೆ. ಈ ಪ್ರಶ್ನೆಯನ್ನು ಕೇಳುವಷ್ಟು ಎಚ್ಚರ ಮೆಚ್ಚತಕ್ಕದ್ದು. ಯಾರು ಯಾವಾಗ ಏನು ಬದಲಿಸಿದರೆಂಬ ದಾಖಲೆಯನ್ನೂ ಅದು ಇಡುತ್ತದೆ, ಆದರೆ ಇಡೀ ಕಚೇರಿ ‘ಅಡ್ಮಿನ್’ ಎಂಬ ಒಂದೇ ಖಾತೆಯನ್ನು ಹಂಚಿಕೊಂಡರೆ ಆ ದಾಖಲೆಯಲ್ಲಿ ಒಬ್ಬನ ಹೆಸರೂ ಇರುವುದಿಲ್ಲ.

ಸೊಲ್ಲಾಪುರ ಜಿಲ್ಲಾ ಪರಿಷತ್ತಿನ ಕನ್ನಡ ಮಾಧ್ಯಮದ ಶಾಲೆಗಳು ಅಕ್ಕಲಕೋಟೆ ತಾಲ್ಲೂಕಿನಲ್ಲಿ ಇಂದಿಗೂ ನಡೆಯುತ್ತಿವೆ. ಅವುಗಳ ಶಿಕ್ಷಕರು ಎರಡೂ ಭಾಷೆಗಳನ್ನು ದಿನವೂ ಓದುವವರು, ಬರೆಯುವವರು. ತಂತ್ರಾಂಶದ ಪಾತ್ರಗಳ ಪಟ್ಟಿಯಲ್ಲಿ ‘ಕನ್ನಡ ಪರಿಶೀಲಕ’ ಎಂಬ ಒಂದು ಸಾಲು ಸೇರಿಸಿ, ಆಜ್ಞೆ ಕೊಡುವ ಹಕ್ಕಿಲ್ಲದಿದ್ದರೂ ತಪ್ಪಿದ ಸಾಲನ್ನು ತಡೆಯುವ ಹಕ್ಕನ್ನು ಅವರಿಗೆ ಒಪ್ಪಿಸಲು ಹೊಸ ಹುದ್ದೆಯೂ ಬೇಡ, ಹೊಸ ಕಾಯ್ದೆಯೂ ಬೇಡ. ಪರದೆ ನಡೆಸುವ ಸಂಸ್ಥೆಯ ಸಭೆಯಲ್ಲಿ ಒಂದು ಠರಾವು ಸಾಕಾದೀತು.